ನಲವತ್ತೊಂದು ಮನೆಯವರು

ತೀರ್ಥಹಳ್ಳಿಯಲ್ಲಿ ಪಾರ್ಶ್ವರಾಜರ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ನಾನು. ಆರು ವರ್ಷ ಮದುವೆ ಕಾಗದ, ಬಿಲ್ ಪುಸ್ತಕ ಮಾಡಿ ಮಾಡಿ ಬೇಜಾರಾಗಿದ್ದ ನನಗೆ, ಸಾಗರದಲ್ಲಿ ನಡೆಯುವ ಜೇನು ಸಾಕುವ ಹೆಂಗಸರ ಸಮಾವೇಶದ ಬ್ಯಾಡ್ಜ್ ಕೆಲಸ ಬಂದಾಗ ಹಬ್ಬವೇ ಆಯಿತು. ಮುನ್ನೂರ ಹನ್ನೆರಡು ಬ್ಯಾಡ್ಜ್. ಒಂದೊಂದೇ ಟೈಪ್ ಮಾಡುವಷ್ಟು ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ. ಎರಡು ದಿನ ಕೂತು ಕಂಪ್ಯೂಟರಿಗೆ ಒಂದು ಸ್ಕ್ರಿಪ್ಟ್ ಬರೆದೆ. ಪಟ್ಟಿ ಕೊಟ್ಟರೆ ಸಾಕು, ಪ್ರತಿ ಸಾಲನ್ನೂ ಓದಿ ತಾನೇ ಬ್ಯಾಡ್ಜ್ ಮಾಡುತ್ತದೆ. ನಮ್ಮ ಕಡೆ ಮನೆಯ ಹೆಸರು ಮೊದಲು, ಮನುಷ್ಯರ ಹೆಸರು ಆಮೇಲೆ. ಮೇಲಿನಮನೆ ವಿಶಾಲಮ್ಮ ಅನ್ನುವ ಹಾಗೆ. ಅದಕ್ಕೇ ಮೊದಲ ಪದ ಹಸಿರು ಬಣ್ಣದಲ್ಲಿ ಸಣ್ಣಗೆ, ಎರಡನೆಯ ಪದ ದೊಡ್ಡದಾಗಿ. ಆ ದೊಡ್ಡ ಹೆಸರು ಕೇಳಲು ಬಂದವರಿಗೆ ನೀಲಿ, ವೇದಿಕೆಯಲ್ಲಿ ಮಾತಾಡುವವರಿಗೆ ಕೆಂಪು.

ಬೆಳಿಗ್ಗೆ ಹನ್ನೊಂದಕ್ಕೆ ಗುಂಡಿ ಒತ್ತಿದೆ. ಮೂರು ನಿಮಿಷದಲ್ಲಿ ಅಷ್ಟೂ ತಯಾರು. ಒಂದು ತಪ್ಪೂ ತೋರಿಸಲಿಲ್ಲ. ನನ್ನ ಚೂಡಿದಾರಕ್ಕೆ ಕಾಲರ್ ಇದ್ದಿದ್ದರೆ ಎತ್ತಿಕೊಳ್ಳುತ್ತಿದ್ದೆ.

ಆಮೇಲೆ ಒಂದೊಂದಾಗಿ ನೋಡುತ್ತಾ ಹೋದೆ. ‘ಗಿರಿಯಪ್ಪನ’ ಎಂದು ಪುಟ್ಟ ಹಸಿರು ಅಕ್ಷರ, ಅದರ ಕೆಳಗೆ ಅಂಗೈಯಗಲ ಕೆಂಪಿನಲ್ಲಿ ‘ಮನೆಯವರು’. ಮುಂದೆ ಪೂರ್ಣೇಶನ ಮನೆಯವರು. ಎಣಿಸಿದರೆ ಇಂಥವು ನಲವತ್ತೊಂದು! ಹೆಸರು ಬರೆಸಿದ್ದು ಗಂಡಂದಿರು. ಹೆಂಡತಿಯ ಹೆಸರನ್ನು ನಾಲ್ಕು ಜನರೆದುರು ಬಾಯಲ್ಲಿ ಆಡದೆ ರೂಢಿಯಾದವರು, ಫಾರ್ಮಿನಲ್ಲೂ ಹಾಗೇ ಬರೆಸಿಬಿಟ್ಟಿದ್ದರು. ಎರಡು ಪದ ಸಿಕ್ಕಿದ್ದೇ ಸಾಕೆಂದು ನನ್ನ ಸ್ಕ್ರಿಪ್ಟ್ ಕಣ್ಣುಮುಚ್ಚಿ ಒಪ್ಪಿಕೊಂಡಿತ್ತು. ನನಗೆ ಮೈಯೆಲ್ಲ ಉರಿಯಿತು. ಹುಳದ ಕೈಲಿ ಕಚ್ಚಿಸಿಕೊಂಡು ಜೇನು ತೆಗೆದವಳಿಗೆ ತನ್ನ ಸಮಾವೇಶದಲ್ಲೂ ಒಂದು ಹೆಸರಿಲ್ಲವೆಂದರೆ ಏನರ್ಥ?

“ಹಾಗೇ ಹೊಡಿ ಮಾರಾಯ್ತಿ,” ಅಂದರು ಪಾರ್ಶ್ವರಾಜರು. “ನಾಲ್ಕು ಗಂಟೆ ಸಾಗರದ ಬಸ್ಸಿಗೆ ಹಾಕ್ಬೇಕು. ಕೊಟ್ಟಿದ್ದನ್ನ ಪ್ರಿಂಟ್ ಮಾಡದು ನಮ್ ಕೆಲ್ಸ.”

“ನಿಮ್ಮನೇಲಿ ಶಾಂತಮ್ಮನವ್ರಿಗೆ ಇಂಥ ಬ್ಯಾಡ್ಜ್ ಕೊಟ್ರೆ ಹಾಕ್ಕಳ್ತಾರಾ ಸಾರ್?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹೆಂಡತಿಯ ಮುಖ ನೆನಪಾಗಿರಬೇಕು. “ಅರ್ಧ ಪಟ್ಟಿ ನಂಗೆ ಕೊಡು,” ಅಂದರು.

ಇಬ್ಬರೂ ಫೋನ್ ಹಿಡಿದು ಕೂತೆವು. ಪಟ್ಟಿಯಲ್ಲಿದ್ದದ್ದೂ ಗಂಡಂದಿರ ನಂಬರೇ. ಕೆಲವರು ನಕ್ಕರು, ಕೆಲವರು ನಾಚಿಕೊಂಡು “ತಡೀರಿ, ಅವ್ಳೇ ಹೇಳ್ತಾಳೆ” ಎಂದು ಫೋನ್ ದಾಟಿಸಿದರು. ಮೂರು ಗಂಟೆಗೆ ನಲವತ್ತು ಹೆಸರು ಸಿಕ್ಕವು. ಉಳಿದದ್ದು ಗಿರಿಯಪ್ಪನ ಮನೆಯವರು. ಹೊಸನಗರದ ಕಡೆಯವರು, ಸಮಾವೇಶದಲ್ಲಿ ಮೊದಲ ಮಾತು ಅವರದೇ. ಎಷ್ಟು ಸಲ ಮಾಡಿದರೂ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಮೂರೂಕಾಲಿಗೆ ಗಿರಿಯಪ್ಪನವರೇ ಎತ್ತಿದರು.

“ಹೆಸ್ರು ಎಂತಕ್ಕೆ? ಗಿರಿಯಪ್ಪನ ಮನೇರು ಅಂದ್ರೆ ಮಾಸ್ತಿಕಟ್ಟೆವರೆಗೂ ಗೊತ್ತು.”

“ಸಾಗರದಲ್ಲಿ ಗೊತ್ತಿಲ್ಲ. ನಾಳೆ ಭಾಷಣ ಮಾಡದು ನೀವಾ, ಅವ್ರಾ? ಅವ್ರಿಗೆ ಕೊಡಿ ಫೋನು.”

ಬೈಸಿಕೊಳ್ಳಲು ತಯಾರಾಗಿದ್ದೆ. ಆದರೆ ಫೋನ್ ಕೈ ಬದಲಾಯಿತು. ಆಕೆಗೆ ಎಲ್ಲವನ್ನೂ ವಿವರಿಸಿ ಹೆಸರು ಕೇಳಿದೆ.

“ನಂಗೆ ಎರಡು ಹೆಸ್ರು ಇದೆಯಲ್ಲ ತಂಗಿ,” ಅಂದರು. “ಮದ್ವೇಲಿ ಇವ್ರ ಮನೇಲಿ ಇಟ್ಟಿದ್ದು ಸುಮಿತ್ರಾ ಅಂತ. ಅಪ್ಪನ ಮನೇದು ಹಳೇ ಕಾಲದ್ದು, ಚಂದಿಲ್ಲ ಅಂದ್ರು. ನೀನು ಯಾವ್ದು ಹಾಕ್ತೀಯ?”

“ನೀವು ಯಾವ್ದು ಹೇಳ್ತೀರೋ ಅದು.”

ಬಸ್ಸಿಗೆ ಹೊತ್ತಾಗುತ್ತಿತ್ತು. ಪಾರ್ಶ್ವರಾಜರು ಗಡಿಯಾರ ತೋರಿಸಿದರು. ನಾನು ಅವಸರ ಮಾಡಲಿಲ್ಲ. ಮೊದಲ ಸಲ ಯಾರೋ ಕೇಳಿದ್ದಾರೆ, ಯೋಚನೆ ಮಾಡಲಿ ಅನ್ನಿಸಿತು.

“ಜೇನು ಕಲ್ಸಿದ್ದು ನಮ್ಮಪ್ಪಯ್ಯ,” ಅಂದರು ಕೊನೆಗೆ. “ಅಪ್ಪಯ್ಯ ಕರೀತಿದ್ದಿದ್ದು ಕೆರಿಯಮ್ಮ ಅಂತ. ಅದನ್ನೇ ಹಾಕು.”

ಹಿಂದಿನಿಂದ ಗಿರಿಯಪ್ಪನವರ ದನಿ ಕೇಳಿಸಿತು. “ಯಾರೇ ಅದು ಕೆರಿಯಮ್ಮ?”

“ನಾನು.”

ನಾನು ಟೈಪ್ ಮಾಡಿದೆ, ಪರದೆಯ ಮೇಲೆ ಹೆಸರು ದೊಡ್ಡದಾಗಿ, ಕೆಂಪಾಗಿ ಮೂಡಿತು. ಲೈನ್ ಕಟ್ಟಾಯಿತೇನೋ ಅಂದುಕೊಳ್ಳುವಷ್ಟರಲ್ಲಿ ಗಿರಿಯಪ್ಪನವರೇ ಮತ್ತೆ ಫೋನಿಗೆ ಬಂದರು. ಈ ಸಲ ದನಿ ತಗ್ಗಿತ್ತು.

“ಬರ್ಕಂಡ್ರಾ? ತಪ್ಪು ಮಾಡ್ಬೇಡಿ ಮತ್ತೆ,” ಅಂದರು. ಸ್ವಲ್ಪ ತಡೆದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. “ಕೆ ರಿ ಯ ಮ್ಮ.”