ಬಿಳಿ ಕುದುರೆ ನಡೆದ ಗುರುವಾರ

ಬಿಣಗಾದ ನಿತೇಶ ಹುಟ್ಟಿದಾರಭ್ಯ ಯಾವ ಆಟದಲ್ಲೂ ಸೋತವನಲ್ಲ. ಅವನು ಕಂಪ್ಯೂಟರಿನ ಮುಂದೆ ಕೂತು ಬಂದೂಕಿನ ಆಟ ಶುರು ಮಾಡಿದನೆಂದರೆ ಗುಂಡಿನ ಸದ್ದಿಗೆ ದೇವಗಡ ದ್ವೀಪದ ದೀಪಸ್ತಂಭ ಮೂರು ಸಲ ಆರಿ ಹತ್ತುತ್ತಿತ್ತು. ಮೀನಿಗೆ ಹೋದ ಹತ್ತು ದೋಣಿಗಳು ದಿಕ್ಕು ತಪ್ಪಿ ಬೇಲೇಕೇರಿ ಸೇರುತ್ತಿದ್ದವು. ನಂಬದವರು ದೀಪಸ್ತಂಭವನ್ನೇ ಕೇಳಬಹುದು. ಅದು ಇಲ್ಲವೆಂದು ಈವರೆಗೆ ಹೇಳಿಲ್ಲ.

ಅಂಥ ವೀರನಿಗೆ 2007ರಲ್ಲಿ ಒಂದೇ ಸಂಕಟ. ಕಂಪ್ಯೂಟರಿಗೆ ಏಳು ವರ್ಷ ತುಂಬಿತ್ತು. ಉಪ್ಪುಗಾಳಿಗೆ ಡಬ್ಬಿ ತುಕ್ಕು ಹಿಡಿದು, ಫ್ಯಾನು ಘಟ್ಟ ಹತ್ತುವ ಲಾರಿಯ ಹಾಗೆ ಏದುತ್ತಿತ್ತು. ಹೊಸ ಆಟ ಹಾಕಿದರೆ, ಶತ್ರು ಗುಂಡು ಹಾರಿಸಿ, ಮನೆಗೆ ಹೋಗಿ, ಮೀನುಸಾರು ಉಂಡು, ಕೈ ಒರೆಸಿಕೊಳ್ಳುವ ಹೊತ್ತಿಗೆ ನಿತೇಶನ ಬಂದೂಕು ಏಳುತ್ತಿತ್ತು. ಹೊಸದೇ ಬೇಕು. ಆದರೆ ಹಳೆಯದನ್ನು ತಂದವನು ಅಪ್ಪ ರಾಮನಾಥ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವನು, ಹಿಂದಿನ ವರ್ಷ ತೀರಿಕೊಂಡಿದ್ದ.

"ಅವ್ರು ತಂದದ್ದು. ಓಡೂವಷ್ಟು ದಿನ ಓಡ್ಲಿ" ಎಂದು ತಾಯಿ ಹೀರಾ ಪಟ್ಟು ಹಿಡಿದಿದ್ದಳು. ನಿತೇಶನಿಗೆ ಅವಳು ಆಯಿ.

ಆ ಕಂಪ್ಯೂಟರಿನೊಳಗೆ ತಂದೆ ಮಗನ ಒಂದು ಚೆಸ್ ಆಟ ಅರ್ಧಕ್ಕೆ ನಿಂತಿತ್ತು. ಬಿಳಿ ಅಪ್ಪನದು, ಕಪ್ಪು ನಿತೇಶನದು. ಆಸ್ಪತ್ರೆಗೆ ಹೊರಡುವ ಮುಂಜಾನೆ ಅಪ್ಪ "ಬಂದ್ಮೇಲೆ ನಡೆಸ್ತೆ" ಎಂದು ಆಟವನ್ನು ಹಾಗೆಯೇ ಸೇವ್ ಮಾಡಿಸಿ ಹೋಗಿದ್ದ. ಬರಲಿಲ್ಲ. ನಡೆ ಅವನದೇ ಬಾಕಿ ಇತ್ತು.

ಆಗ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟಿರುತ್ತಿರಲಿಲ್ಲ. ಒಂದು ಶುಕ್ರವಾರ ನಿತೇಶ ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದು, ಉಂಡು ಅಡ್ಡಾಗಿದ್ದ. ಆಯಿ ಹಿತ್ತಲ ಬಾಗಿಲಲ್ಲಿ ಸಿಗಡಿ ಬಿಡಿಸುತ್ತಿದ್ದಳು. ನಾಲ್ಕಕ್ಕೆ ಕರೆಂಟು ಬಂದದ್ದೇ ಒಳಕೋಣೆಯಲ್ಲಿ ಟಕ್ ಎಂದಿತು. ಹತ್ತಿರ ಯಾರೂ ಇಲ್ಲದ ಕಂಪ್ಯೂಟರು ತಾನಾಗಿ ಎದ್ದಿತು, ನರಳಿತು, ಪರದೆ ಬೆಳಗಿಸಿ ಚೆಸ್ ಮಣೆ ತೆರೆದಿಟ್ಟಿತು. ಬಿಳಿ ಕಾಲಾಳೊಂದು ಒಂದು ಮನೆ ಮುಂದೆ ಬಂದಿತ್ತು.

"ಆಯೀ, ಇದ್ರೊಳಗೆ ಎಂತದೋ ಸೇರ್ಕಂಡಿದೆ! ಮನೆಯಲ್ಲಿ ಇಟ್ಕಳೂದು ಬೇಡ ಇದನ್ನ."

ಬೇರೆ ಯಾರಾದರೂ ಆಗಿದ್ದರೆ ಆ ಪೆಟ್ಟಿಗೆಯನ್ನು ಅಂದೇ ಸಮುದ್ರಕ್ಕೆ ಎಸೆಯುತ್ತಿದ್ದರು. ಆಯಿ ಕೈ ತೊಳೆದು ಬಂದು ಮಣೆಯನ್ನು ಬಹಳ ಹೊತ್ತು ನೋಡಿದಳು.

"ಎಂತದೋ ಅಲ್ಲ, ತಮಾ. ಅವ್ರದ್ದು ನಡೆ ಬಾಕಿ ಇತ್ತಲ."

ಮರುದಿನದಿಂದ ಅಪ್ಪನ ಬೆತ್ತದ ಕುರ್ಚಿ ಕಂಪ್ಯೂಟರಿನ ಮುಂದೆ ಬಂತು. ಕೀಬೋರ್ಡಿನ ಪಕ್ಕ ಅಪ್ಪನ ನಶ್ಯದ ಡಬ್ಬಿ. ನಾಲ್ಕಕ್ಕೆ ಸರಿಯಾಗಿ ಅವನ ಕಪ್ಪಿನಲ್ಲಿ ಚಾ. ಚಾ ಕೆನೆಗಟ್ಟಿ ತಣ್ಣಗಾಗುತ್ತಿತ್ತು, ಕೋಣೆಯೆಲ್ಲ ನಶ್ಯದ ವಾಸನೆ, ಕೂತವರಿಲ್ಲದೆ ಕುರ್ಚಿಯ ಬೆತ್ತ ಕಿರ್ರೆನ್ನುತ್ತಿತ್ತು. ದಿನಕ್ಕೊಂದು ಬಿಳಿ ಕಾಯಿ ನಡೆದಿರುತ್ತಿತ್ತು. ಆಯಿಯ ಎದುರೇ ಕೂತು ನಿತೇಶ ಕಪ್ಪು ನಡೆಸಿ ಉತ್ತರ ಕೊಡುತ್ತಿದ್ದ. ಆರನೇ ದಿನಕ್ಕೆ ಬಿಳಿಯ ಮಂತ್ರಿಯೇ ಹೋಯಿತು. ಸತ್ತಮೇಲೆ ಅಪ್ಪನ ಕೈ ಸ್ವಲ್ಪ ಕುಂದಿದೆ ಎಂದು ನಿತೇಶ ಬಹಳ ವ್ಯಸನಪಟ್ಟ.

ಏಳನೇ ದಿನ, ಗುರುವಾರ, ಕರೆಂಟು ಬಂತು. ಟಕ್. ಮಣೆ ತೆರೆಯಿತು. ನಿತೇಶ ಆಕಳಿಸುತ್ತ ಬಂದವನು ಬಾಯಿ ಮುಚ್ಚುವುದನ್ನೇ ಮರೆತ. ನಡೆದದ್ದು ಬಿಳಿ ಕುದುರೆ. ಅವನ ಕಪ್ಪು ರಾಜನಿಗೆ ನೇರ ಚೆಕ್. ಪಕ್ಕದ ಕಪ್ಪಿನಲ್ಲಿ ಚಾ ಇರಲಿಲ್ಲ. ತಳದಲ್ಲಿ ಪುಡಿ ಮಾತ್ರ ಇತ್ತು. ಕಿಟಕಿಯಾಚೆ ಆಯಿ ತನ್ನ ಪಾಡಿಗೆ ಬಟ್ಟೆ ಒಣಹಾಕುತ್ತಿದ್ದಳು. ಅವನು ಹಾರಿ ಪ್ಲಗ್ ಕಿತ್ತ. ಕಿತ್ತಮೇಲೂ ಫ್ಯಾನು ಹತ್ತು ಸುತ್ತು ತಿರುಗಿತು. ಆಮೇಲೆ ಗೆಳೆಯರಿಗೆ ಹೇಳುವಾಗ ಅದು ಒಂದು ತಾಸಾಯಿತು.

"ಆಯೀ, ನಾಳೆನೇ ಅಂಕೋಲೆಗೆ ಹೋಗುವಾ" ಎಂದ. ಧ್ವನಿ ಅವನದಾಗಿರಲಿಲ್ಲ.

ಅಂಕೋಲೆಯಲ್ಲಿ ಆಯಿಯ ಅಣ್ಣನ ಮಗ ಗುರುಪ್ರಸಾದನ ಕಂಪ್ಯೂಟರ್ ರಿಪೇರಿ ಅಂಗಡಿ. ಆಯಿ ಬಸ್ಸಿನುದ್ದಕ್ಕೂ ಡಬ್ಬಿಯನ್ನು ಕೂಸಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡೇ ಬಂದಳು. ಗುರುಪ್ರಸಾದ ಬಿಚ್ಚಿ ನೋಡಿ ತಲೆಯಾಡಿಸಿದ.

"ಹೊಸ ಗ್ರಾಫಿಕ್ಸ್ ಕಾರ್ಡು ಈ ಬೋರ್ಡಿಗೆ ಕೂತ್ಕಳೂದಿಲ್ಲ, ಬಾವಾ. ಬೋರ್ಡು ಬದಲಿಸಿದ್ರೆ ಪ್ರೊಸೆಸರು, ರ್‍ಯಾಮು ಎಲ್ಲ ಬದಲಿ. ಕಡೆಗೆ ಹಳೇದು ಅಂತ ಉಳ್ಯೂದು ಈ ತುಕ್ಕಿನ ಡಬ್ಬಿ ಒಂದೇ. ಹೊಸದೇ ತಕೋ ಮಾರಾಯಾ."

ಆಯಿ ಬಗ್ಗಿ ಒಳಗೆ ನೋಡಿದಳು. "ಗುರು, ಇವನಪ್ಪ ಇರೂದು ಯಾವ್ದ್ರೊಳಗೆ? ಅದೊಂದು ಬಿಟ್ಟು ಬಾಕಿದೆಲ್ಲ ಬದಲಿಸು."

ಗುರುಪ್ರಸಾದನ ಕೈಯಲ್ಲಿ ಸ್ಕ್ರೂಡ್ರೈವರ್ ನಿಂತಿತು. "ಎಂತ, ಅತ್ತೆ?"

"ಚೆಸ್ಸಿನ ನಡೆಯೆಲ್ಲ ಎಲ್ಲಿರ್ತದೆ?"

"ಅದು... ಹಾರ್ಡ್‌ಡಿಸ್ಕಿನಲ್ಲಿ." ಆತ ತೋರಿಸಿದ. ನಿನ್ನೆಯಿಂದ ಕರೆಂಟು ಕಾಣದ ಆ ಲೋಹದ ತುಂಡಿನ ಮೇಲೆ ಆಯಿ ಅಂಗೈ ಇಟ್ಟಳು.

"ಬೆಚ್ಚಗಿದೆ" ಎಂದಳು.

ನಿತೇಶ ಎರಡು ಹೆಜ್ಜೆ ಹಿಂದೆ ಸರಿದ.

"ಇದು ನಾವು ತೀರ್ಮಾನ ಮಾಡೂದಲ್ಲ" ಎಂದಳು ಆಯಿ. "ಭಾವಿಕೇರಿಗೆ ನಡಿ. ಮನೆದೇವ್ರ ಹತ್ರ ಪ್ರಸಾದ ಕೇಳುವಾ."

ಮದುವೆಯಿರಲಿ, ಬಾವಿ ತೋಡುವುದಿರಲಿ, ಆ ಕುಟುಂಬದಲ್ಲಿ ಪ್ರಸಾದ ಕೇಳದೆ ಯಾವುದೂ ಇತ್ಯರ್ಥವಾಗುತ್ತಿರಲಿಲ್ಲ. ಭಾವಿಕೇರಿಯ ಗುಡಿಯಲ್ಲಿ ಭಟ್ಟರು ಹೂವಿನ ಒದ್ದೆ ಎಸಳುಗಳನ್ನು ಮೂರ್ತಿಯ ಎರಡೂ ಬದಿಗೆ ಅಂಟಿಸಿದರು. ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಆಯಿ ಕಣ್ಣು ಮುಚ್ಚಿ ಮನಸ್ಸಿನೊಳಗೇ ಕೇಳಿಕೊಂಡಳು. ಗರ್ಭಗುಡಿಯ ಕತ್ತಲಲ್ಲಿ ಎಣ್ಣೆದೀಪ ಅಲುಗಲಿಲ್ಲ. ಎಸಳುಗಳೂ ಅಲುಗಲಿಲ್ಲ. ನಿತೇಶನಿಗೆ ಹಿಂದೆ ಯಾರೋ ನಶ್ಯ ಏರಿಸಿದ ಹಾಗೆ ಕೇಳಿತು, ತಿರುಗುವ ಧೈರ್ಯವಾಗಲಿಲ್ಲ. ಆಗ ಬಲಗಡೆಯ ಎಸಳು ಮೆಲ್ಲನೆ ಜಾರಿ, ತುಸು ತಡೆದು, ಬಿತ್ತು.

"ಬಲ ಆಯ್ತು!" ನಿತೇಶ ಕೂಗಿಯೇ ಬಿಟ್ಟ. "ಹೊಸದು ತಕಳಿ ಅಂತ ದೇವ್ರೇ ಹೇಳ್ತಲ, ಆಯಿ!"

"ನಾ ಕೇಳಿದ್ದು ಅದಲ್ಲ."

"ಮತ್ತೆಂತ ಕೇಳ್ದೆ?"

"ನನ್ನ ಮಗ ಸುಳ್ಳು ಹೇಳ್ತಾ ಇದ್ದಾನಾ ಅಂತ."

ಭಟ್ಟರು ಘಂಟೆ ಒರೆಸುವ ನೆಪದಲ್ಲಿ ಅಲ್ಲೇ ನಿಂತರು.

"ಆದ್ರೆ ಆಯೀ, ಗುರುವಾರದ ಕುದುರೆ..."

"ನೀ ಪಾಳಿಗೆ ಹೋದಾಗ ನಿನ್ನ ನಡೆ ಹಿಂದೆ ತೆಗ್ದು ನಾ ನಡೆಸಿದ್ದು. ನಂಗೂ ನಿಮ್ಮಪ್ಪ ಕಲಿಸಿದ್ರು. ಚಾ ಕುಡ್ದದ್ದೂ ನಾನೇ. ಆರು ದಿನ ಅಪ್ಪ ಬಂದ ಅಂತ ನೀ ಉಂಡು ನಿದ್ದೆ ಹೊಡ್ದೆ. ಏಳನೇ ದಿನ ಮಾತ್ರ ಮುಖ ಬೆಳ್ಳಗಾಯ್ತಲ, ಯಾಕೆ? ಮಂತ್ರೀನ ಸುಮ್ನೆ ಬಲಿ ಕೊಡೂವಷ್ಟು ದಡ್ಡರಾಗಿದ್ರನಾ ಅವ್ರು?"

ನಿತೇಶ ದೇವರ ಮುಂದೆ ಎಲ್ಲ ಕಕ್ಕಿದ. ಕರೆಂಟು ಬಂದೊಡನೆ ಕಂಪ್ಯೂಟರು ತಾನೇ ಏಳುವಂತೆ ಸೆಟ್ಟಿಂಗ್ ಮಾಡಿಟ್ಟದ್ದು, ಎದ್ದೊಡನೆ ಚೆಸ್ ಮಣೆ ತೆರೆಯುವಂತೆ ಮಾಡಿದ್ದು, ದಿನಾ ಪಾಳಿಗೆ ಹೊರಡುವ ಮುಂಚೆ ಬಿಳಿ ಕಾಯಿ ಸರಿಸಿದ್ದು. ಆಯಿ ಹೆದರಿ ಹೊಸದಕ್ಕೆ ಒಪ್ಪಲಿ ಎಂದು.

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೊಸದು ತಕೋ. ಆ ಹಾರ್ಡ್‌ಡಿಸ್ಕ್ ಒಂದು ಅದಕ್ಕೆ ಹಾಕ್ಸು. ಅವ್ರ ಆಟ ನಾ ಮುಗಿಸ್ತೆ. ಆದ್ರೆ ಒಂದು ಹೇಳು. ನನ್ನ ಹೆದರಿಸೂಕೆ ಕಾಯಿ ನಡೆಸಿದ್ರೆ ಸಾಕಿತ್ತು. ಸತ್ತವರನ್ನ ಸೋಲಿಸಿದ್ದೆಂತಕ್ಕೆ?"

ನಿತೇಶ ಬಗ್ಗಿ, ಕೆಳಗೆ ಬಿದ್ದಿದ್ದ ಎಸಳನ್ನು ಹೆಕ್ಕಿಕೊಂಡ.

"ಅಪ್ಪನ ಹತ್ರ ನಾ ಒಂದಾಟಾನೂ ಗೆದ್ದದ್ದಿಲ್ಲ, ಆಯಿ" ಎಂದ. "ಒಂದೂ."