ಬದುಕಿರುವವರ ತಟ್ಟೆ

"ಮುದುಕಿಗೆ ಹೇಳಿದ್ರಾ ಇಲ್ವಾ, ಅಷ್ಟು ಹೇಳಿ ಸಾಕು," ಎಂದ ಸ್ರೆತೆನ್ ಫೋನಿನಲ್ಲಿ. ಅವನು ಪುರಸಭೆಯ ಕಾರ್ಯದರ್ಶಿ.

ಅಧ್ಯಕ್ಷ ತಿಹೊಮಿರ್ ಚರ್ಚಿನ ಮೆಟ್ಟಿಲ ಮೇಲೆ ನಿಂತು ಸುಧಾರಿಸಿಕೊಳ್ಳುತ್ತಿದ್ದ. ಅವನ ಎಡಗಾಲು ತೊಡೆಯಿಂದ ಕೆಳಗೆ ಕೃತಕದ್ದು. ಮಂಜಿನಿಂದ ಒದ್ದೆಯಾದ ಕಲ್ಲಿನ ಮೇಲೆ ಅದನ್ನು ನಂಬುವಂತಿರಲಿಲ್ಲ.

"ಇನ್ನೂ ಇಲ್ಲ. ಹೇಳ್ತೀನಿ."

"ಪೆಟ್ಟಿಗೆ ಆಗ್ಲೇ ಹೊರಟಿದೆ ಅಧ್ಯಕ್ಷರೇ. ಮಧ್ಯಾಹ್ನದೊಳಗೆ ಸೇತುವೆ ದಾಟತ್ತೆ. ಮಂತ್ರಿಗಳು ಬರ್ತಾರೆ, ಟಿ.ವಿ.ಯವರು ಬರ್ತಾರೆ. ಆಯಮ್ಮ ಕ್ಯಾಮೆರಾ ಮುಂದೆ ಬಿದ್ದು ಹೊರಳಾಡಿದ್ರೆ, ಚುನಾವಣೆ ಹೊತ್ತಲ್ಲಿ..." ಅವನು ಮಾತು ನುಂಗಿಕೊಂಡ. "ನೀವು ಹೇಳಿದ್ರೆ ಕೇಳ್ತಾಳೆ. ನಿಮ್ಮ ಮೇಲೆ ಪ್ರಾಣ ಇಟ್ಕೊಂಡಿದಾಳೆ."

ತಿಹೊಮಿರ್ ಫೋನನ್ನು ಕಿಸೆಗೆ ಹಾಕಿದ. ಅಂದು ಸತ್ತವರ ಶನಿವಾರ. ಊರಿನ ಹೆಂಗಸರು ತಮ್ಮ ತಮ್ಮ ಸತ್ತವರಿಗೆಂದು ಬೇಯಿಸಿದ ಗೋಧಿಯ ಬಟ್ಟಲಿಗೆ ವಸ್ತ್ರ ಮುಚ್ಚಿ, ಕಂಕುಳಲ್ಲಿ ವೈನಿನ ಶೀಷೆ ಇರುಕಿಕೊಂಡು, ದ್ರಿನಾ ನದಿಯಿಂದ ಎದ್ದ ಮಂಜಿನೊಳಗಿಂದ ಒಬ್ಬೊಬ್ಬರಾಗಿ ಮೇಲೇರಿ ಬರುತ್ತಿದ್ದರು. ಅವನನ್ನು ಕಂಡ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ಬೆಳಗಾಗುವುದರೊಳಗೆ ಸುದ್ದಿ ಎಲ್ಲರಿಗೂ ಮುಟ್ಟಿತ್ತು, ಒಬ್ಬಳನ್ನು ಬಿಟ್ಟು. ಶಾಲೆಯ ಹಿಂದೆ ಯಾರೋ ಬ್ಯಾಂಡಿನ ದೊಡ್ಡ ಡೋಲಿಗೆ ಒಂದೊಂದೇ ಪೆಟ್ಟು ಹಾಕಿ ಬಿಗಿ ನೋಡುತ್ತಿದ್ದರು.

ಆ ಒಬ್ಬಳು ಸ್ತಾನಾ. ಅವಳ ಮಗ ವುಯಾದಿನ್‌ನ ಬೆನ್ನ ಮೇಲೆಯೇ ತಿಹೊಮಿರ್ ಯುದ್ಧದಿಂದ ಮರಳಿದ್ದು. ಬೆಟ್ಟದ ಓರೆಯಲ್ಲಿ ನೆಲಬಾಂಬು ಅವನ ಕಾಲನ್ನು ಕಿತ್ತುಕೊಂಡಾಗ ಗೆಳೆಯರಿಬ್ಬರಿಗೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. ವುಯಾದಿನ್ ಅವನನ್ನು ಹೊತ್ತು ಹಳ್ಳ ದಾಟಿಸಿ ಲಾರಿಗೆ ಹಾಕಿದ. "ಹಂದಿ ಕೊಯ್ಯೋ ಹೊತ್ತಿಗೆ ಬಂದ್ಬಿಡ್ತೀನಿ ಅಂತ ಅಮ್ಮಂಗೆ ಹೇಳು. ಬಾಲ ನಂಗೇ ಎತ್ತಿಟ್ಟಿರಬೇಕು," ಎಂದು ನಕ್ಕು, ಉಳಿದವರನ್ನು ತರಲು ಮತ್ತೆ ಬೆಟ್ಟ ಹತ್ತಿದ. ಹತ್ತಿದವನು ಇಳಿಯಲಿಲ್ಲ. ಆಸ್ಪತ್ರೆಯ ಮಂಚದ ಮೇಲಿಂದ ತಿಹೊಮಿರ್ ಆ ಮಾತನ್ನು ತಾಯಿಗೆ ಮುಟ್ಟಿಸಿದ. ಅವಳು ಅದನ್ನೇ ಹಿಡಿದುಕೊಂಡು ಬದುಕಿದಳು.

ಅವನೂ ಅದನ್ನೇ ಹಿಡಿದು ಬದುಕಿದ. ಗಾಯಾಳು ಸೈನಿಕರ ಸಂಘದ ಸಭೆಯಲ್ಲಿ ಮೊದಲ ಸಲ ಮಾತಿಗೆ ನಿಂತಾಗ, "ನನ್ನನ್ನು ಹೊತ್ತು ತಂದವನು ಇನ್ನೂ ದಾರಿಯಲ್ಲಿದ್ದಾನೆ, ಅವನು ಬರುವವರೆಗೆ ಈ ಊರು ಕಾಯುತ್ತದೆ," ಎಂದಿದ್ದ. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದ್ದರು. ಸಂಘದ ಮುಖ್ಯಸ್ಥನಾದಾಗ ಅದೇ ಮಾತು, ಪುರಸಭೆಗೆ ನಿಂತಾಗಲೂ ಅದೇ ಮಾತು. ಮುಂದಿನ ಸಾಲಿನಲ್ಲಿ ಕೂತ ಸ್ತಾನಾ ಅವನ ತುಟಿಯನ್ನೇ ನೋಡುತ್ತ ತಲೆದೂಗುತ್ತಿದ್ದಳು. ನಂಬಿ ಹೇಳುತ್ತಿದ್ದನೋ, ಚಪ್ಪಾಳೆಗಾಗಿ ಹೇಳುತ್ತಿದ್ದನೋ, ದೇವರೇ ಬಲ್ಲ. ಅವನಂತೂ ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ.

ಬೆಟ್ಟದಲ್ಲಿ ಸಿಕ್ಕ ಮೂಳೆಗಳ ಗುರುತಿಗಾಗಿ ಹಿಂದೆ ಸ್ತಾನಾಳ ರಕ್ತ ಕೇಳಿದ್ದರು. "ಬದುಕಿರೋನಿಗೆ ನನ್ನ ರಕ್ತ ಯಾಕೆ?" ಎಂದು ಬಂದವರನ್ನು ಅವಳು ಗೇಟಿನಿಂದಲೇ ಅಟ್ಟಿದ್ದಳು. ವಿಯೆನ್ನಾದಲ್ಲಿದ್ದ ಮಗಳು ಮಿಲೆವಾ ತಾಯಿಗೆ ತಿಳಿಸದೆ ಕೊಟ್ಟಳು. ಅದು ಮೂಳೆಗಳಿಗೆ ಹೊಂದಿತು. "ನನ್ನ ಬಾಯಿಂದ ಕೇಳಿದ್ರೆ ಅಮ್ಮ ನಂಬಲ್ಲ, ನೀನೇ ಹೇಳು," ಎಂದು ಅವಳು ಫೋನಿನಲ್ಲಿ ಅತ್ತಿದ್ದಳು. ಆ ವಾರವೆಲ್ಲ ತಿಹೊಮಿರ್ ಆ ಗೇಟಿನವರೆಗೆ ಹೋಗಿ ಹಿಂದಿರುಗಿದ್ದ. ಈಗ ಮಗಳು ಬಸ್ಸಿನಲ್ಲಿ ಬರುತ್ತಿದ್ದಳು, ಮಗ ಪೆಟ್ಟಿಗೆಯಲ್ಲಿ.

ಬಾಗಿಲ ಒಳಗೆ ಮೇಣದಬತ್ತಿ ಮಾರುವ ಗ್ಲಿಶಾ ಕೂತಿದ್ದ. "ಬಂದ್ರು ನಮ್ಮ ದೊರೆ. ಅಧ್ಯಕ್ಷರಾದ್ರೂ ಬತ್ತಿಗೆ ರಿಯಾಯಿತಿ ಇಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಯಾವಾಗಿನ ಹಾಗೇನಾ? ಕೆಳಗೆ ಅಪ್ಪಂಗೆ, ಅಮ್ಮಂಗೆ. ಮೇಲೆ..." ಎಂದವನು ಅಲ್ಲಿಗೇ ನಿಲ್ಲಿಸಿ, ಬತ್ತಿಗಳನ್ನು ಸುಮ್ಮನೆ ಮುಂದೆ ಚಾಚಿದ.

ಗೋಡೆಯ ಪಕ್ಕದ ಕಬ್ಬಿಣದ ಸ್ಟ್ಯಾಂಡಿನಲ್ಲಿ ಮರಳು ತುಂಬಿದ ಎರಡು ತಟ್ಟೆಗಳಿದ್ದವು. ಎದೆಯ ಮಟ್ಟದಲ್ಲಿದ್ದದ್ದು ಬದುಕಿರುವವರದು. ಕೆಳಗೆ, ಹೆಚ್ಚುಕಡಿಮೆ ನೆಲದ ಮೇಲೇ ಇದ್ದದ್ದು ಸತ್ತವರದು. ತಿಹೊಮಿರ್‌ಗೆ ಬಗ್ಗಲಾಗದೆಂದು ಕೆಳಗಿನ ಬತ್ತಿಗಳನ್ನು ಗ್ಲಿಶಾನೇ ಊರಿಕೊಡುತ್ತಿದ್ದ. ಈಗಲೂ ಎದ್ದು ಬಂದು ಎರಡನ್ನು ಊರಿದ. ಕೆಳಗಿನ ತಟ್ಟೆ ಧಗಧಗ ಉರಿಯುತ್ತಿತ್ತು. ಮೇಲಿನದರಲ್ಲಿ ವುಯಾದಿನ್‌ಗೆಂದು ಹಚ್ಚಿದ ಒಂದೇ ಬತ್ತಿ. ಅದರ ಮುಂದೆ ಸ್ತಾನಾ ನಿಂತು, ಪಕ್ಕದಲ್ಲಿ ತಿಹೊಮಿರ್‌ನ ಬತ್ತಿಗೆಂದು ಮರಳನ್ನು ಬೆರಳಿನಿಂದ ಸಮ ಮಾಡುತ್ತಿದ್ದಳು. ಒಳಗೆ ಪಾದ್ರಿ ಸತ್ತವರ ಹೆಸರುಗಳನ್ನು ಓದುತ್ತಿದ್ದರು.

"ಬಾ ಮಗಾ. ಮುಖ ಯಾಕೆ ಹಂಗಿದೆ? ಏನಾದ್ರೂ ತಿಂದ್ಯಾ, ಬರೀ ಕಾಫೀನಾ?"

"ತಿಂದೆ ಚಿಕ್ಕಮ್ಮ." ಗೆಳೆಯನ ತಾಯಿಯನ್ನು ಅವನು ಚಿಕ್ಕಂದಿನಿಂದ ಹಾಗೇ ಕರೆಯುತ್ತಿದ್ದ.

"ಅಧ್ಯಕ್ಷ ಆದ್ಮೇಲೆ ಸುಳ್ಳು ಸರಾಗವಾಗಿ ಬರತ್ತೆ ನಿಂಗೆ." ಅವಳು ಅವನ ಕಾಲರು ಸರಿಪಡಿಸಿದಳು. "ಸ್ಮಶಾನದ ಮೇಲೇ ಬಂದೆ. ನಮ್ಮನೆಯವರ ಪಕ್ಕದಲ್ಲಿ ಗುಂಡಿ ತೋಡ್ತಿದಾರೆ. ಯಾರಿಗಪ್ಪಾ ಅಂದ್ರೆ, ಅಧ್ಯಕ್ಷರನ್ನ ಕೇಳಿ ಅಂತಾರೆ. ಅದು ನಮ್ಮ ಜಾಗ. ಒಂದ್ಮಾತು ಹೇಳು ಅವರಿಗೆ, ಮುಚ್ಲಿ."

ಅವನು ಸುತ್ತ ನೋಡಿದ. ಹೆಂಗಸರು ಯಾರೂ ಇತ್ತ ನೋಡುತ್ತಿರಲಿಲ್ಲ.

"ಆಯ್ತು, ಮೊದ್ಲು ಹಚ್ಚು," ಎಂದಳು ಅವಳು.

ಅವಳ ಬತ್ತಿಯಿಂದಲೇ ಅವನು ತನ್ನದನ್ನು ಹಚ್ಚಿಕೊಂಡ. ಅವಳು ಸಮ ಮಾಡಿಟ್ಟ ಮರಳು ಅವನ ಬತ್ತಿಗಾಗಿ ಕಾಯುತ್ತಿತ್ತು. ಎಷ್ಟೋ ವೇದಿಕೆಗಳ ಮೇಲೆ ನಾಲಿಗೆ ಆಡಿದ ಮಾತನ್ನು ಕೈ ಆಡಲಾರದೆ ಹೋಯಿತು. ಸತ್ತನೆಂದು ತಿಳಿದೂ ಗೆಳೆಯನನ್ನು ಬದುಕಿರುವವರ ನಡುವೆ ನಿಲ್ಲಿಸಿದರೆ ದೇವರ ಕಣ್ಣಿಗೇ ಮಣ್ಣೆರಚಿದಂತೆ. ತಿಹೊಮಿರ್ ಸ್ಟ್ಯಾಂಡಿನ ಕಂಬಿ ಹಿಡಿದು ಬಗ್ಗತೊಡಗಿದ. ಕೃತಕ ಕಾಲು ಮಡಿಯದೆ ಪಕ್ಕಕ್ಕೆ ಚಾಚಿಕೊಂಡು ಕಲ್ಲಿಗೆ ಬಡಿಯಿತು. ಓಡಿ ಬರುತ್ತಿದ್ದ ಗ್ಲಿಶಾ ಅರ್ಧದಲ್ಲೇ ನಿಂತ. ತಿಹೊಮಿರ್ ಬತ್ತಿಯನ್ನು ಕೆಳಗಿನ ತಟ್ಟೆಯಲ್ಲಿ ಊರಿದ.

ಸ್ತಾನಾ ಮೇಲಿಂದ ಬಗ್ಗಿ ನೋಡಿದಳು.

"ಅದು ಯಾರಿಗೆ?"

"ಮಿಲೆವಾ ರಕ್ತ ಕೊಟ್ಟಿದ್ಲು, ಚಿಕ್ಕಮ್ಮ."

ಸ್ತಾನಾಳ ಬೆರಳು ಮತ್ತೆ ಮರಳಿಗಿಳಿಯಿತು. "ಎಲ್ಲಿದ್ದ?"

"ಬೆಟ್ಟದ ಮೇಲೇನೇ. ನನ್ನ ಬಿಟ್ಟು ಹೋದ ಕಡೆಯಿಂದ ದೂರ ಇಲ್ಲ."

"ಯಾವಾಗ ಕರ್ಕೊಂಡು ಬರ್ತಾರೆ?"

"ಇವತ್ತು. ಮಧ್ಯಾಹ್ನ."

"ನಾನು ಗೋಧಿ ನೆನೆಹಾಕಿಲ್ಲ," ಎಂದಳು ಅವಳು, ಒಲೆಯ ಮುಂದೆ ನಿಂತು ಯೋಚಿಸುವವಳಂತೆ. "ರಾತ್ರಿನೇ ಹಾಕ್ಬೇಕಿತ್ತು. ಊರೆಲ್ಲ ಬೇಯಿಸ್ಕೊಂಡು ಬಂದಿದೆ. ನನ್ನ ಮಗಂಗೆ ಒಂದು ಹಿಡಿ ಇಲ್ಲ."

ನೆರೆಮನೆಯವಳೊಬ್ಬಳು ತನ್ನ ಬಟ್ಟಲನ್ನು ಮುಂದೆ ಹಿಡಿದಳು.

"ಅದು ನಿನ್ನ ಗಂಡಂದು. ಇಟ್ಕೋ." ಸ್ತಾನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಎಲ್ಲರಿಗೂ ಗೊತ್ತಿತ್ತು, ಅಲ್ವಾ?" ಅವಳು ಬಾಗಿಲ ಕಡೆ ತಿರುಗಿದಳು. "ಆ ಡೋಲು ಯಾತಕ್ಕೆ?"

"ಅವನಿಗೇ," ಎಂದ ತಿಹೊಮಿರ್ ನೆಲದಿಂದ. "ಮಂತ್ರಿ ಬರ್ತಾರೆ. ನಾನು ಭಾಷಣ ಮಾಡ್ಬೇಕು."

"ಏನಂತ ಮಾಡ್ತೀಯ?"

ದಾರಿಯಲ್ಲಿದ್ದವನು ಬಂದಾಗಿತ್ತು. ತಿಹೊಮಿರ್‌ನ ಬಳಿ ಬೇರೆ ಭಾಷಣವಿರಲಿಲ್ಲ.

ಬಾಗಿಲು ದಡಾರನೆ ತೆರೆದು ಸ್ರೆತೆನ್ ಒಳಬಂದ. "ಅಧ್ಯಕ್ಷರೇ, ಮುಂಚೇನೇ ಬಂದ್ಬಿಟ್ರು. ಸೇತುವೆ ಹತ್ರ ಇದಾರೆ. ಅಮ್ಮನ್ನೂ ಕರ್ಕೊಂಡು ಬನ್ನಿ, ಮೆಟ್ಟಿಲ ಕೆಳಗೇ ಕ್ಯಾಮೆರಾ ಇಟ್ಟಿದೆ." ಅವನು ಆಗ ನೆಲದ ಮೇಲಿದ್ದವನನ್ನು ಕಂಡ. "ಬಿದ್ರಾ?"

"ಕ್ಯಾಮೆರಾ ತೆಗ್ಸು. ಬ್ಯಾಂಡು ಬೇಡ. ಅವನೊಬ್ಬನೇ ಮೇಲಕ್ಕೆ ಬರ್ಲಿ."

"ತಲೆ ಕೆಟ್ಟಿದ್ಯಾ ನಿಮ್ಗೆ? ಇದೊಂದು ದಿನಕ್ಕೆ ಏನೇನು ಮಾಡಿದೀವಿ. ಮಂತ್ರಿಗೆ ನಾನು ಏನಂತ ಹೇಳ್ಲಿ?"

"ಅಧ್ಯಕ್ಷ ಮಂಡಿ ಊರಿದಾನೆ, ಏಳೋಕಾಗ್ತಿಲ್ಲ ಅನ್ನು."

"ಇದು ನಿಮ್ಮ ಕೊನೇ ಚುನಾವಣೆ, ತಿಳ್ಕೊಳ್ಳಿ," ಎಂದ ಸ್ರೆತೆನ್ ತಗ್ಗಿದ ದನಿಯಲ್ಲಿ. ಬಾಗಿಲನ್ನು ಹಾಗೇ ಬಿಟ್ಟು ಇಳಿದುಹೋದ. ಸ್ವಲ್ಪ ಹೊತ್ತಿಗೆ ಕೆಳಗೆ ಮಂಜಿನಲ್ಲಿ ಬ್ಯಾಂಡು ಪೂರ್ತಿ ದನಿಯಲ್ಲಿ ಶುರುವಾಯಿತು. ಹತ್ತಿರವಾಗುತ್ತ ಬಂತು. ಹೊರಗಿನ ಚಳಿಗಾಳಿ ಒಳನುಗ್ಗಿ ಬತ್ತಿಗಳೆಲ್ಲ ಒಂದೇ ಕಡೆಗೆ ವಾಲಿದವು.

ಸ್ತಾನಾ ಕಂಬಿ ಹಿಡಿದು ಮೆಲ್ಲಗೆ ಕೆಳಗೆ ಕೂತಳು, ತಿಹೊಮಿರ್‌ನ ಪಕ್ಕದಲ್ಲಿ, ಕಲ್ಲಿನ ಮೇಲೆ. ಹಾದಿಗೆ ಅಡ್ಡವಾಗಿ ಚಾಚಿದ್ದ ಅವನ ಕಾಲನ್ನು ಎರಡೂ ಕೈಯಿಂದ ಎತ್ತಿ ತನ್ನ ಕಡೆಗೆ ಸರಿಸಿಕೊಂಡಳು.

"ಗ್ಲಿಶಾ, ಬಾಗಿಲು ಹಾಕು. ನನ್ನ ಮಗ ಬಂದಾಗ ತೆಗೀವಂತೆ."

ಅಗುಳಿ ಬಿತ್ತು. ಡೋಲಿನ ಸದ್ದು ಮರದ ಬಾಗಿಲಿನ ಆಚೆಗೆ ಉಳಿಯಿತು. ವಾಲಿದ್ದ ಜ್ವಾಲೆಗಳು ಒಂದೊಂದಾಗಿ ನೆಟ್ಟಗೆ ನಿಂತವು. ಮೇಲಿನ ತಟ್ಟೆಯಲ್ಲಿ ಅವಳ ಒಂಟಿ ಬತ್ತಿ ಅರ್ಧಕ್ಕೆ ಬಂದಿತ್ತು.