ಲಾಬ್‌ಸ್ಟರ್ ಹುಡುಕಿದ ಕುರಿಗಳು

ಐವ್ಲ್ ಬೆಟ್ಟದ ಮೂರು ಶಿಖರಗಳಲ್ಲಿ ನಡುವಿನದು ನಾನು ಹುಟ್ಟಿದ ದಿನ ಒಂದು ಗೇಣು ಬೆಳೆಯಿತು ಎಂದು ನಮ್ಮಜ್ಜ ಹೇಳುತ್ತಿದ್ದ. ಅಜ್ಜ ಸುಳ್ಳು ಹೇಳುವವನಲ್ಲ, ಅವನ ಮೊಮ್ಮಗ ನಾನೂ ಅಲ್ಲ. ನನ್ನ ಹೆಸರು ಎಲ್ವೆಡ್. ಈ ಕರಾವಳಿಯಲ್ಲಿ ಎಲ್ವೆಡ್‌ನಷ್ಟು ಲಾಬ್‌ಸ್ಟರ್ ಹಿಡಿದವರು ಹಿಂದೆ ಇರಲಿಲ್ಲ. ಮುಂದೆ ಹುಟ್ಟುವವರಿಗೂ ನಾನು ಹೆಚ್ಚೇನೂ ಉಳಿಸಿಲ್ಲ.

ಅದಕ್ಕೆ ಕಾರಣ ಅಜ್ಜ ಬಿಟ್ಟುಹೋದ ಒಂದು ಕಡಲಗುಂಡಿ. ಬೇರೆಯವರು ಲಾಬ್‌ಸ್ಟರ್ ಹಿಡಿಯುವ ಬುಟ್ಟಿ ಮುಳುಗಿಸಿ ಮೇಲೊಂದು ಕಿತ್ತಳೆ ಬಣ್ಣದ ಬುರುಡೆ ತೇಲಿಬಿಡುತ್ತಾರೆ, ಊರಿಗೆಲ್ಲ ಡಂಗುರ ಸಾರಿದ ಹಾಗೆ. ನಾನು ಬುರುಡೆ ಕಟ್ಟುವುದಿಲ್ಲ. ದೋಣಿಯಿಂದ ನೋಡಿದರೆ ನಮ್ಮೂರಿನ ಪುಟ್ಟ ಚರ್ಚು, ಚಾಪೆಲ್ಲಿನ ಗೋಡೆ ನಡುಶಿಖರದ ಕೆಳಗೆ ನೆಟ್ಟಗೆ ನಿಲ್ಲಬೇಕು. ಇತ್ತ ತಿರುಗಿದರೆ ನೀರುಕಾಗೆ ಬಂಡೆಯ ನೆತ್ತಿಗೆ ಬೆಟ್ಟದ ಬಿಳಿ ಕೊಟ್ಟಿಗೆ ಟೋಪಿಯಂತೆ ಕೂರಬೇಕು. ಎರಡೂ ಕೂಡಿದಲ್ಲಿ ಪಾತಾಳಗರಡಿ ಇಳಿಸಿದರೆ ಬುಟ್ಟಿಯ ಹಗ್ಗ ತಾನಾಗಿ ಕೊಕ್ಕೆಗೆ ಬೀಳುತ್ತದೆ. ಕಣ್ಣು ಮುಚ್ಚಿಕೊಂಡೂ ಈ ಕೆಲಸ ಮಾಡಬಲ್ಲೆ. ಕಣ್ಣು ಮುಚ್ಚಿದರೆ ಬೆಟ್ಟ ಕಾಣುವುದಿಲ್ಲ, ಅದೊಂದೇ ತೊಂದರೆ.

ಈ ಬೇಸಗೆಯಲ್ಲಿ ನನ್ನ ಮಗಳು ಲೌರಿಗೆ ಮದುವೆ ಗೊತ್ತಾಯಿತು. ಬೀಗರು ಇಡ್ವಲ್, ಬೆಟ್ಟದಲ್ಲಿ ಕುರಿ ಸಾಕುವವರು. ಕಡಲು ಕಂಡರೆ ಎರಡು ಹೆಜ್ಜೆ ಹಿಂದಿಡುವ ಜಾತಿ.

"ಮದುವೆ ಊಟಕ್ಕೆ ನಮ್ಮ ಕಡೆಯಿಂದ ನಾಲ್ಕು ಕುರಿಮರಿ ಕಳಿಸ್ತೀನಿ," ಎಂದರು.

"ನಿಮ್ಮ ಮರಿ ನೀವೇ ಇಟ್ಕೊಳಿ ಬೀಗರೇ," ಎಂದೆ. "ನಲವತ್ತು ಜನ ತಾನೆ? ತಲೆಗೊಂದು ಲಾಬ್‌ಸ್ಟರ್. ಮಿಕ್ಕಿದ್ದನ್ನ ಕಟ್ಟಿಸಿಕೊಡ್ತೀನಿ."

ಸೋಮವಾರ ಇಪ್ಪತ್ತು ಬುಟ್ಟಿಗಳನ್ನು ಒಂದೇ ಹಗ್ಗಕ್ಕೆ ಕಟ್ಟಿ ಮುಳುಗಿಸಿ ಬಂದೆ. ಮರುದಿನವೇ ದೋಣಿಯ ಎಂಜಿನ್ ಕೈಕೊಟ್ಟಿತು. ಅದನ್ನು ಬಿಚ್ಚಿ, ಮತ್ತೆ ಜೋಡಿಸಿ, ಮಿಕ್ಕ ಮೂರು ನಟ್ಟುಗಳನ್ನು ಜೇಬಿಗೆ ಹಾಕಿಕೊಳ್ಳುವ ಹೊತ್ತಿಗೆ ಗುರುವಾರ ಬಂತು. ಮದುವೆ ಶನಿವಾರ. ಗುಂಡಿಗೆ ಹೋದೆ. ಚಾಪೆಲ್ ಸರಿಯಾಗಿತ್ತು, ಟೋಪಿಯೂ ಸರಿಯಾಗಿ ಕೂತಿತ್ತು. ಗರಡಿ ಇಳಿಸಿದೆ, ಎಳೆದೆ. ಸಂಜೆಯ ತನಕ ಅದೇ ಕೆಲಸ. ಅರ್ಧ ಕಡಲನ್ನೇ ಉತ್ತು ಹಾಕಿದೆ ಎನ್ನಬೇಕು.

"ಎಷ್ಟು ಸಿಕ್ತು?" ಎಂದಳು ಹೆಂಡತಿ ಹೈಲ್ವೆನ್.

"ಒಂದು."

"ಲಾಬ್‌ಸ್ಟರಾ?"

"ಬೂಟು."

"ನಲವತ್ತು ಜನಕ್ಕೆ ಹೆಂಗ್ ಹಂಚ್ತೀರಿ?"

ರಾತ್ರಿಯೆಲ್ಲ ಲೆಕ್ಕ ಹಾಕಿದೆ. ನಾನು ತಪ್ಪುವುದಂತೂ ಸಾಧ್ಯವಿಲ್ಲ. ಹಾಗಾದರೆ ಬೆಟ್ಟವೇ ಸರಿದಿರಬೇಕು. ಶುಕ್ರವಾರ ಬೆಳಿಗ್ಗೆ ಬೀಗರನ್ನು ದಡಕ್ಕೆ ಕರೆಸಿ ಹಾಗೆಯೇ ಹೇಳಿದೆ.

"ಬೆಟ್ಟ ಎಲ್ಲಿಗ್ ಹೋಗುತ್ತೆ ಬೀಗರೇ? ಈಗಷ್ಟೇ ಅದರ ಮೇಲೆ ನಿಂತು ಚಹಾ ಕುಡ್ದು ಬಂದೆ."

"ಕಡಲಿಂದ ನೋಡಿದ್ರೆ ಗೊತ್ತಾಗುತ್ತೆ, ದೋಣಿ ಹತ್ತಿ."

ಮೂರು ತಲೆಮಾರಿನ ಗುಟ್ಟು. ಹೆಂಡತಿಗೂ ಹೇಳಿರಲಿಲ್ಲ. ಹೇಳದೆ ಮದುವೆ ಊಟವಿಲ್ಲ, ಮರಿ ಬೇಡವೆಂದವನು ನಾನೇ. ಇಡ್ವಲ್ ದೋಣಿಯ ಅಂಚು ತಬ್ಬಿಕೊಂಡು, ಎರಡು ಸಲ ಮೀನುಗಳಿಗೆ ತಿಂಡಿ ಬಡಿಸಿ, ಹಸಿರು ಮುಖ ಮೇಲೆತ್ತಿದರು. ನಾನು ಬಂಡೆ ತೋರಿಸಿದೆ, ಟೋಪಿ ತೋರಿಸಿದೆ.

"ಆ ಬಿಳೀದಾ? ಅದು ಮೇಲಿನ ಕೊಟ್ಟಿಗೆ. ಮಂಗಳವಾರ ನಾನೇ ಸುಣ್ಣ ಹೊಡ್ದೆ, ಮದುವೆಗೆ ಚೆನ್ನಾಗ್ ಕಾಣ್ಲಿ ಅಂತ."

"ಮತ್ತೆ ನನ್ನ ಕೊಟ್ಟಿಗೆ?"

"ಕೆಳಗಿನದು. ಅದನ್ನ ನಿಮ್ಮ ಮಗಳು ಮನೆ ಮಾಡ್ಕೊಂಡ್ಳಲ್ಲ. ಕಲ್ಲು ಕಾಣಿಸ್ಬೇಕು ಅಂತ ಅದೇ ಮಂಗಳವಾರ ಹಳೇ ಸುಣ್ಣ ಎಲ್ಲಾ ಕೆರೆಸಿದ್ಳು. ನಿಮಗೆ ಹೇಳ್ಲಿಲ್ವಾ?"

ಹೇಳಿದ್ದಳು, ಮೂರು ಸಲ. ಮೂರು ಸಲವೂ ನಾನು ಏನೋ ಹೇಳುತ್ತಿದ್ದೆ.

ಬೂದು ಬೆಟ್ಟದಲ್ಲಿ ಬೂದು ಕಲ್ಲಿನ ಗೋಡೆ. ನನ್ನ ಕಣ್ಣು ಹದ್ದಿನದು, ಆದರೂ ಕಾಣಲಿಲ್ಲ. ಇಡ್ವಲ್ ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದರು.

"ಅಗೋ, ಆ ಬಿಳಿ ಚುಕ್ಕೆ ನೋಡಿ. ಒಂದೇ ಕಡೆ ಒಂಬತ್ತು."

"ಕಲ್ಲು?"

"ಕುರಿ. ಅವುಗಳ ತಾಯಂದ್ರು, ಅಜ್ಜೀರು ಎಲ್ಲ ಬಿಸಿಲು ಕಾಯ್ತಿದ್ದದ್ದು ಕೆಳಗಿನ ಕೊಟ್ಟಿಗೆ ಗೋಡೆಗೆ ಒರಗಿಕೊಂಡೇ. ಬೇಲಿ ಬೇಡ, ನಾಯಿ ಬೇಡ, ಆ ಜಾಗ ಬಿಟ್ಟು ಹೋಗಲ್ಲ. ಮನೆ ಆದ್ಮೇಲೂ ಅಷ್ಟೇ. ಲೌರಿ ಪೊರಕೆ ತಗೊಂಡು ಓಡಿಸ್ತಾಳೆ, ಅವಳು ಒಳಗ್ ಹೋಗೋದೇ ತಡ, ಮತ್ತೆ ಬಂದು ಮಲಗ್ತಾವೆ."

ದೋಣಿ ತಿರುಗಿಸಿದೆ. ಬಂಡೆಯ ನೆತ್ತಿಯ ಮೇಲೆ ಕುರಿಗಳನ್ನು ಕೂರಿಸಿದೆ, ಚಾಪೆಲ್ಲನ್ನು ಶಿಖರದ ಕೆಳಗೆ ತಂದೆ, ಗರಡಿ ಇಳಿಸಿದೆ. ಮೊದಲ ಸಲವೇ ಹಗ್ಗ ಸಿಕ್ಕಿತು. ಇಪ್ಪತ್ತು ಬುಟ್ಟಿಯಲ್ಲಿ ನಲವತ್ತೊಂದು ಲಾಬ್‌ಸ್ಟರ್. ಒಂದೊಂದೂ ನನ್ನ ಮೊಣಕೈ ಉದ್ದ, ಕೆಲವು ಇಡ್ವಲ್‌ರ ಮೊಣಕೈ ಉದ್ದ. ಅವರ ಕೈ ನನಗಿಂತ ದೊಡ್ಡದು. ದೋಣಿಯ ಅಂಚು ಬಿಟ್ಟು ಬೀಗರೂ ಹಗ್ಗ ಎಳೆದರು.

"ಈ ಜಾಗ ಯಾರಿಗೂ ಹೇಳ್ಬೇಡಿ," ಎಂದೆ ದಡಕ್ಕೆ ಬಂದಮೇಲೆ.

"ಹೇಳಲ್ಲ. ಆದ್ರೆ ನಾಳೆ ಭಾಷಣದಲ್ಲಿ ನೀವು ಒಂದು ಮಾತು ಹೇಳ್ಬೇಕು. ಈ ಲಾಬ್‌ಸ್ಟರ್ ಹುಡುಕಿದ್ದು ಇಡ್ವಲ್‌ನ ಕುರಿಗಳು, ಎಲ್ವೆಡ್ ಅಲ್ಲ ಅಂತ."

ಬೇಕಿದ್ದರೆ ದೋಣಿಯನ್ನೇ ಬರೆದುಕೊಡುತ್ತಿದ್ದೆ. ಆದರೆ ಗುಂಡಿ ಅದಕ್ಕಿಂತ ದೊಡ್ಡದು. ಒಪ್ಪಿದೆ.

ಶನಿವಾರ ಚಾಪೆಲ್ ಪಕ್ಕದ ಸಭಾಮನೆಯಲ್ಲಿ ಎಲ್ಲರ ತಟ್ಟೆಯಲ್ಲೂ ಕೆಂಪಗೆ ಒಂದೊಂದು. ಎದ್ದು ನಿಂತು ಕೊಟ್ಟ ಮಾತು ಉಳಿಸಿಕೊಂಡೆ. ಹುಡುಕಿದ್ದು ಬೀಗರ ಕುರಿಗಳೇ, ಇದರಲ್ಲಿ ನನ್ನದೇನೂ ಇಲ್ಲ ಎಂದೆ. ಒಟ್ಟು ಒಂಬೈನೂರು ಕುರಿ, ಬೆಟ್ಟದಿಂದ ಸಾಲಾಗಿ ಇಳಿದು ಬಂದವು. ಮುದಿ ಕುರಿಯೊಂದು ಬಂಡೆಯ ಮೇಲಿಂದ ಕಡಲಿಗೆ ಹಾರಿತು. ಹಗ್ಗವನ್ನು ಹಲ್ಲಲ್ಲಿ ಕಚ್ಚಿ ಬುಟ್ಟಿಗಳನ್ನು ಎಳೆದು ತಂದಾಗ ಅದರ ಉಣ್ಣೆಯೊಳಗೇ ಆರು ಲಾಬ್‌ಸ್ಟರ್ ಸಿಕ್ಕಿಕೊಂಡಿದ್ದವು. ಜನ ಮೇಜು ಕುಟ್ಟಿದರು.

ಇಡ್ವಲ್ ಕೆಂಪಾಗಿ ಎದ್ದು ನಿಂತರು. "ಇಲ್ಲ ಇಲ್ಲ. ಒಂಬತ್ತೇ ಕುರಿ. ಅವು ಸುಮ್ನೆ ಮಲಗಿದ್ವು ಅಷ್ಟೇ. ನಾವು ದೋಣೀಲಿ ಕೂತು ಅವನ್ನ ನೋಡಿದ್ವಿ, ಲಾಬ್‌ಸ್ಟರ್ ಸಿಕ್ತು."

ಆಮೇಲೆ ಹಿಂದಿನ ಸಾಲಿನಿಂದ ಯಾರೋ ಹೇಳಿದರು:

"ಪಾಪ, ಬೀಗತನ ಆಗಿ ಒಂದು ಗಂಟೆ ಆಗಿಲ್ಲ, ಇವರಿಗೂ ಎಲ್ವೆಡ್‌ನ ಗಾಳಿ ತಗುಲ್ತು ನೋಡು."